ನಂಜಮ್ಮನ ಎಲ್ಡರ್ ಗಿಡ

ಗಿಡ ಸವರುವುದರಲ್ಲಿ ನನ್ನನ್ನು ಮೀರಿಸುವವರು ಆಗ ಸುಗಟೂರಿನಲ್ಲಿ ಯಾರೂ ಇರಲಿಲ್ಲ. ಇದು ನಾನಾಗಿ ಹೇಳಿಕೊಳ್ಳುವ ಮಾತಲ್ಲ, ಊರಿನವರು ಹೇಳಬೇಕಾಗಿದ್ದ ಮಾತು. ಅವರು ಹೇಳದೆ ಇದ್ದುದರಿಂದ ನಾನೇ ಹೇಳಿಕೊಂಡು ತಿರುಗುತ್ತಿದ್ದೆ! ನಮ್ಮದು ಒಂದು ಎಕರೆ ಹಿಪ್ಪುನೇರಳೆ ತೋಟ, ಮನೆಯ ತುಂಬ ರೇಷ್ಮೆಹುಳು. ವರ್ಷಕ್ಕೊಮ್ಮೆ ಕುಡುಗೋಲು ಹಿಡಿದು ತೋಟಕ್ಕೆ ಇಳಿದೆನೆಂದರೆ ಗಿಡಗಳನ್ನೆಲ್ಲ ಬುಡಮಟ್ಟ ಸವರಿ ಬರುತ್ತಿದ್ದೆ. ಕೆಲವೇ ದಿನಗಳಲ್ಲಿ ಅವು ಮತ್ತೆ ಚಿಗುರುತ್ತಿದ್ದವು. ಚಿಗುರುವುದು ಹಿಪ್ಪುನೇರಳೆಯ ಗುಣ ಎಂದು ನನಗೆ ಹೊಳೆದಿರಲಿಲ್ಲ. ನನ್ನ ಕೈಗುಣ ಎಂದೇ ನಂಬಿದ್ದೆ.

ಇಂಥ ಕೈಗುಣದವನಿಗೆ ಊಟಿಯಿಂದ ಹೆಣ್ಣು ತಂದರು. ನನ್ನ ಸೋದರಮಾವ ಅಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಅಡುಗೆಗೆ ಇದ್ದರು. ಅದೇ ಬಂಗಲೆಯ ತೋಟದ ಮೇಸ್ತ್ರಿಯ ಒಬ್ಬಳೇ ಮಗಳು ನಂಜಮ್ಮ. ಮೇಸ್ತ್ರಿಯವರು ಮೂಲತಃ ನಂಜನಗೂಡಿನ ಕಡೆಯವರು. ಮಗಳು ಮಾತ್ರ ಹುಟ್ಟಿ ಬೆಳೆದದ್ದೆಲ್ಲ ಆ ಚಳಿಯಲ್ಲೇ. ಹನ್ನೊಂದು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವಳು.

ಯುದ್ಧ ಶುರುವಾದ ಮಾರನೆಯ ವರ್ಷ ನಮ್ಮ ಮದುವೆಯಾಯಿತು. ನಂಜಮ್ಮ ಸುಗಟೂರಿಗೆ ಬಂದಳು. ಬಂದ ಮೊದಲ ವಾರದಲ್ಲೇ ಆಕೆಗೆ ಎರಡು ವಿಷಯ ತಿಳಿದವು. ಒಂದು, ಸುಗಟೂರಿನಲ್ಲಿ ಬಿಸಿಲು ಇದೆ. ಇನ್ನೊಂದು, ನಮ್ಮ ಮನೆಯಲ್ಲಿ ಕನ್ನಡ ಅರ್ಧವೇ ಇದೆ. ನಮ್ಮ ಅಮ್ಮ ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವಳು. ಒಂದು ದಿನ "ನೀಳ್ಳು ತೇವೇ" ಎಂದು ನೀರು ಕೇಳಿದಳು. ಸೊಸೆ ಮೊರದ ತುಂಬ ನೆಲ್ಲು ತಂದು ಮುಂದಿಟ್ಟಳು! ಅಮ್ಮ ನಕ್ಕಳು, ನಾನೂ ನಕ್ಕೆ. ನಂಜಮ್ಮನೂ ನಕ್ಕಳು. ಆಮೇಲೆ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದಳು.

ಸಂಜೆಯಾದರೆ ಆಕೆ ಹಾಗೆ ಹಿತ್ತಿಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಎದುರಿಗೆ ನೋಡುವಂಥದ್ದೇನೂ ಇರಲಿಲ್ಲ. ಒಂದು ಬಟ್ಟೆ ಒಗೆಯುವ ಕಲ್ಲು, ಬಚ್ಚಲ ನೀರು ಹರಿಯುವ ಕಾಲುವೆ, ನಮ್ಮ ಎಮ್ಮೆ.

"ಏನು ನೋಡ್ತೀಯ?" ಎಂದು ಕೇಳಿದೆ.

"ಏನಿಲ್ಲ ಕಣ್ರಿ. ಅಲ್ಲಿ ನಮ್ಮ ಅಡುಗೆಮನೆ ಹಿಂದೆ ಒಂದು ಗಿಡ ಇತ್ತು."

ಅಂದು ಆ ಗಿಡದ ಕಥೆ ಕೇಳಿದೆ. ದೊರೆಸಾನಿ ತನ್ನ ಸೀಮೆಯಿಂದ ತರಿಸಿ ನೆಟ್ಟಿದ್ದಂತೆ. ಅದರ ಹೆಸರು ಎಲ್ಡರ್. ಆಳೆತ್ತರ ಪೊದೆಯಾಗಿ ಬೆಳೆದು, ಬೇಸಿಗೆಯಲ್ಲಿ ಅಂಗೈ ಅಗಲದ ಬಿಳಿ ಹೂಗೊಂಚಲು ಬಿಡುತ್ತದಂತೆ. ನಂಜಮ್ಮನ ತಾಯಿ ಆ ಗೊಂಚಲುಗಳನ್ನು ಬೆಲ್ಲದ ನೀರಿನಲ್ಲಿ ನೆನೆಹಾಕಿ ಪಾನಕ ಮಾಡುತ್ತಿದ್ದರಂತೆ. ಮಳೆಗಾಲ ಕಳೆದ ಮೇಲೆ ಕಪ್ಪು ಹಣ್ಣು. ಅದನ್ನು ಸಕ್ಕರೆ ಹಾಕಿ ಕುದಿಸಿ ಭರಣಿಯಲ್ಲಿ ಇಟ್ಟರೆ ಕೆಮ್ಮಿಗೂ ಆಯಿತು, ರೊಟ್ಟಿಗೂ ಆಯಿತು.

"ಅಮ್ಮ ತೀರಿಹೋದ ವರ್ಷವೂ ಆ ಗಿಡ ಹೂ ಬಿಡ್ತು. ನಾನೇ ಪಾನಕ ಮಾಡ್ದೆ. ಅದೇ ವಾಸನೆ ಬಂತು ಕಣ್ರಿ" ಎಂದಳು ನಂಜಮ್ಮ. "ವಾಸನೆ ಬಂದ್ರೆ ಅಮ್ಮ ಇನ್ನೂ ಒಳಗೇ ಇದಾಳೆ ಅನ್ಸೋದು."

ನಾನು ಎದೆ ಉಬ್ಬಿಸಿ ಹೇಳಿದೆ: "ಅಷ್ಟೇ ತಾನೆ? ಆ ಗಿಡಾನ ಇಲ್ಲಿಗೆ ತರ್ತೀನಿ. ನನ್ನ ಕೈಗುಣ ನಿನಗಿನ್ನೂ ಗೊತ್ತಿಲ್ಲ!"

ಗೊತ್ತಾಗುವ ಕಾಲ ಬೇಗನೆ ಬಂತು.

ಪುಷ್ಯಮಾಸದಲ್ಲಿ ಮಾವನವರು ಮಗಳು ಅಳಿಯನನ್ನು ಕರೆಸಿಕೊಂಡರು. ಕೋಲಾರದಿಂದ ರೈಲು, ಮೈಸೂರಿನಿಂದ ಬಸ್ಸು. ಊಟಿ ತಲುಪುವ ಹೊತ್ತಿಗೆ ನನ್ನ ಹಲ್ಲುಗಳು ನನ್ನ ಮಾತು ಕೇಳುವುದನ್ನು ನಿಲ್ಲಿಸಿದ್ದವು. ಮಾರನೆಯ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಹುಲ್ಲಿನ ಮೇಲೆಲ್ಲ ಸುಣ್ಣ ಚೆಲ್ಲಿದಂತೆ ಹಿಮ! ಮಾವನವರು ಆಗಲೇ ಬಂಗಲೆಯ ತೋಟಕ್ಕೆ ಹೋಗಿದ್ದರು. ನಂಜಮ್ಮ ಒಳಗೆ ಕಾಫಿಗೆ ಇಟ್ಟಿದ್ದಳು. ಈ ಚಳಿಯಲ್ಲಿ ಸ್ನಾನಕ್ಕೆ ನೀರು ಕಾಯಬೇಕು, ಅಳಿಯನಾದವನು ಕೂತು ಮಾಡಿಸಿಕೊಳ್ಳುವುದು ಮರ್ಯಾದೆಯಲ್ಲ ಎಂದು ನನಗೆ ಅನ್ನಿಸಿತು. ಸೌದೆ ಹುಡುಕುತ್ತ ಮನೆಯ ಹಿಂದಕ್ಕೆ ಹೋದೆ.

ಅಲ್ಲಿ ಒಂದು ಒಣಗಿದ ಪೊದೆ ನಿಂತಿತ್ತು. ಒಂದೇ ಒಂದು ಎಲೆ ಇಲ್ಲ. ಬೂದಿ ಬಣ್ಣದ ಕಡ್ಡಿಗಳು. ಮುದುಕರ ಬೆರಳಿನಂತೆ ಸುಕ್ಕುಗಟ್ಟಿದ ಕೊಂಬೆಗಳು. ಪಾಪ, ಮಾವನವರಿಗೆ ವಯಸ್ಸಾಯಿತು, ಸತ್ತ ಗಿಡ ತೆಗೆಯಲು ಪುರುಸೊತ್ತಿಲ್ಲ ಎಂದುಕೊಂಡೆ. ಗೋಡೆಗೆ ಕುಡುಗೋಲು ನೇತುಹಾಕಿತ್ತು. ಕೈ ಬಿಟ್ಟೀತೆ?

ಬುಡಮಟ್ಟ ಸವರಿದೆ! ಎಂಥ ಅಚ್ಚುಕಟ್ಟು! ಹಿಪ್ಪುನೇರಳೆ ಕೂಡ ಅಷ್ಟು ಚಂದ ಸವರಿಸಿಕೊಂಡಿರಲಿಲ್ಲ. ದಪ್ಪ ಕೊಂಬೆಗಳನ್ನು ಮುರಿದು ನೀರೊಲೆಗೆ ತುಂಬಿದೆ. ಸ್ವಲ್ಪ ಹೊಗೆಯಾಯಿತು. ಆದರೂ ಹಟಮಾಡಿ ಊದಿ ಊದಿ ಉರಿಸಿದೆ. ಹಂಡೆಯ ತುಂಬ ಬಿಸಿನೀರು! ಮೈಯಿಂದ ಹಬೆ ಏಳುವಂತೆ ಸ್ನಾನ ಮಾಡಿ, ಹೊಸ ಪಂಚೆಯುಟ್ಟು, ಕಿವಿಗೆ ಮಫ್ಲರು ಸುತ್ತಿ ನಿಂತೆ. ನಂಜಮ್ಮ ಕಾಫಿಲೋಟ ಹಿಡಿದು ಹಿಂಬಾಗಿಲಿಗೆ ಬಂದಳು.

"ನೀರು ಯಾರು ಕಾಯಿಸಿದ್ರು?"

"ನಾನೇ! ಇಲ್ಲೊಂದು ಸತ್ತ ಗಿಡ ಇತ್ತು ನೋಡು..."

ನಂಜಮ್ಮ ನೋಡಿದಳು. ಲೋಟ ಕೈಯಿಂದ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು. ಆಕೆ ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು, ಹೋಗಿ ಆ ಮೊಂಡುಬುಡಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

"ಇದೇ ಕಣ್ರಿ" ಎಂದಳು.

"ಯಾವುದು?"

"ಇದೇ."

ಬದುಕಿನಲ್ಲಿ ನಾನು ಬಹಳ ಸ್ನಾನಗಳನ್ನು ಮಾಡಿದ್ದೇನೆ. ಮಾಡಿದ ಸ್ನಾನವನ್ನು ಹಿಂದಕ್ಕೆ ಕೊಟ್ಟುಬಿಡಬೇಕು ಎನ್ನಿಸಿದ್ದು ಅದೊಂದೇ ಸಲ.

ಮಧ್ಯಾಹ್ನ ಮಾವನವರು ಬಂದರು. ಗಿಡವನ್ನು ನೋಡಿದರು. ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ತಲೆ ಬಗ್ಗಿಸಿ ನಿಂತೆ. ಅವರು ಬೀಡಿ ಹಚ್ಚಿಕೊಂಡು ಪಕ್ಕದಲ್ಲಿ ಕೂತರು.

"ಅಳಿಯಂದ್ರೆ, ಚಳಿ ದೇಶದ ಗಿಡಕ್ಕೆ ಒಂದು ಅಭ್ಯಾಸ. ಹಿಮ ಬಿತ್ತು ಅಂದ್ರೆ ಎಲೆ ಉದುರಿಸ್ಕೊಂಡು ಮಲಗಿಬಿಡುತ್ತೆ. ಸತ್ತಿರಲ್ಲ. ಸವರೋ ಕಾಲವೂ ಇದೇ ಅನ್ನಿ. ಆದ್ರೆ ಮೂರು ವರ್ಷ ದಾಟಿದ ಮುದಿ ಕೊಂಬೆ ಮಾತ್ರ ಬುಡಕ್ಕೆ ತೆಗೀಬೇಕು. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು ಬಿಡಬೇಕು. ಹೂವು ಹಣ್ಣು ಬಿಡೋದು ಅವೇ."

"ನಾನು ಯಾವುದನ್ನ ಬಿಟ್ಟಿದೀನಿ, ಮಾವ?"

ಅವರು ಬಗ್ಗಿ ಚೆನ್ನಾಗಿ ಪರೀಕ್ಷೆ ಮಾಡಿದರು. "ಬೇರು ಬಿಟ್ಟಿದೀರಿ" ಎಂದರು.

ಗಿಡ ಸಾಯುವುದಿಲ್ಲ, ಬೇರಿನಿಂದ ಮತ್ತೆ ಏಳುತ್ತದೆ, ಆದರೆ ಈ ವರ್ಷ ಹೂವಿಲ್ಲ ಎಂದು ತೀರ್ಪಾಯಿತು. ನಂಜಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಮಾವನವರು, ಒಲೆಗೆ ಹೋಗದೆ ಉಳಿದಿದ್ದ ಎಳೆಯ ಕಡ್ಡಿಗಳಲ್ಲಿ ಹನ್ನೆರಡನ್ನು ಆರಿಸಿ, ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಹಾವಸೆ ಸುತ್ತಿ, ಒದ್ದೆ ಗೋಣಿಯಲ್ಲಿ ಕಟ್ಟಿಕೊಟ್ಟರು. "ಊರಲ್ಲಿ ನೆಡಿ. ಬಂದ್ರೆ ಬಂತು" ಎಂದರು. ಆಗ ನಂಜಮ್ಮ ನನ್ನ ಕಡೆಗೆ ತಿರುಗಿದಳು. "ಈ ಗಂಟು ನಾನೇ ಹಿಡ್ಕೋತೀನಿ" ಎಂದಳು.

"ಬೇಡ, ನನ್ನ ಜವಾಬ್ದಾರಿ!" ಎಂದೆ. ಆಕೆ ಕೊಟ್ಟಳು. ಅದು ಆಕೆಯ ದೊಡ್ಡ ಗುಣ. ಅದು ಆಕೆಯ ತಪ್ಪೂ ಹೌದು.

ಬೆಂಗಳೂರಿನಿಂದ ಕೋಲಾರದ ರೈಲಿನಲ್ಲಿ, ಕಡ್ಡಿಗಳಿಗೆ ಗಾಳಿ ಬೇಕೆಂದು ಗಂಟು ಬಿಚ್ಚಿ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದೆ. ಎದುರಿಗೆ ಮಾಲೂರಿನ ಕಡೆಯ ಒಬ್ಬ ಹಿರಿಯರು ಕೂತಿದ್ದರು. ನಂಜಮ್ಮ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು.

"ಯಾರ ಕಡ್ಡಿ ಸ್ವಾಮಿ ಇವು?" ಎಂದು ಹಿರಿಯರು ಕೇಳಿದರು.

ಯಾವ ಕಡ್ಡಿ ಎಂದು ಕೇಳಿದರೆಂದೇ ತಿಳಿದು, ನಾನು ಹೆಮ್ಮೆಯಿಂದ, "ಎಲ್ಡರ್ ಕಡ್ಡಿ!" ಎಂದೆ.

"ಸಂತೋಷ" ಎಂದು ಅವರು ಒಂದನ್ನು ಎತ್ತಿಕೊಂಡು ತುದಿ ಅಗಿದು ಹಲ್ಲುಜ್ಜತೊಡಗಿದರು! ನಾನು ಬಾಯಿ ಬಿಡುವುದರೊಳಗೆ ಪಕ್ಕದವರಿಗೂ ಒಂದೊಂದು ಹಂಚಿದರು. ನಾನು ಹೌಹಾರಿ ಎದ್ದೆ.

"ಏನ್ರೀ ಇದು, ನಮ್ಮ ಗಿಡ!"

"ಎಲ್ಲರ ಕಡ್ಡಿ ಅಂತ ನೀವೇ ಅಂದ್ರಲ್ಲ ಸ್ವಾಮಿ?" ಎಂದರು, ಬಾಯಿಂದ ಕಡ್ಡಿ ತೆಗೆದು. "ಬೇವಿನ ಹಾಗೆ ಇಲ್ಲ ಬಿಡಿ. ಒಳಗೆಲ್ಲ ಬರೀ ಬೆಂಡು."

ಊರು ಸೇರಿದಾಗ ಉಳಿದಿದ್ದವು ಐದು ಕಡ್ಡಿ. ನಂಜಮ್ಮ ಎಣಿಸಿದಳು. ಕೇಳಿದ್ದರೆ ಹೇಳಿ ಹಗುರಾಗುತ್ತಿದ್ದೆ.

ಹಿತ್ತಿಲಲ್ಲಿ ಬಚ್ಚಲ ಕಾಲುವೆಯ ಪಕ್ಕ ಐದನ್ನೂ ನೆಟ್ಟೆವು. ಎರಡು ಮೊದಲ ವಾರದಲ್ಲೇ ಕೊಳೆತವು. ಒಂದನ್ನು ಎಮ್ಮೆ ತುಳಿಯಿತು. ಇನ್ನೊಂದು ಕಾರಣ ಹೇಳದೆ ಹೋಯಿತು. ಐದನೆಯದು ಮಾಘ ಕಳೆಯುವುದರೊಳಗೆ ಎರಡು ಚಿಗುರು ಬಿಟ್ಟಿತು!

ಆ ಬೆಳಿಗ್ಗೆ ನಂಜಮ್ಮನ ಮುಖ ನೀವು ನೋಡಬೇಕಿತ್ತು. ನೆಲಕ್ಕೆ ಮುಖವಿಟ್ಟು ಆ ಎಲೆಗಳನ್ನು ಮೂಸಿದಳು. ಮದುವೆಯಾಗಿ ಅಷ್ಟು ತಿಂಗಳಾದರೂ ಆಕೆ ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆ ನಗುವನ್ನು ನೋಡಿದ ಮೇಲೆ ನನ್ನ ಬುದ್ಧಿ ಸ್ಥಿಮಿತದಲ್ಲಿ ಉಳಿಯಲಿಲ್ಲ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಶಿವರಾತ್ರಿ ಕಳೆಯಿತು. ಬಿಸಿಲು ಏರಿತು. ಎಲೆಗಳು ಬಾಡತೊಡಗಿದವು. ಚಳಿ ದೇಶದ ಗಿಡಕ್ಕೆ ಚಳಿ ಕೊಡಬೇಕಾದದ್ದು ನನ್ನ ಕರ್ತವ್ಯ ಎಂದು ತೀರ್ಮಾನಿಸಿದೆ. ತೆಂಗಿನ ಗರಿಯ ಚಪ್ಪರ ಹಾಕಿದೆ. ಸುತ್ತ ಒದ್ದೆ ಗೋಣಿ ಕಟ್ಟಿದೆ. ಸಾಲದೆಂದು ಮಧ್ಯಾಹ್ನದ ಹೊತ್ತು ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕಿದೆ. ಕಾಂಡಕ್ಕೆ ಒದ್ದೆ ಬಟ್ಟೆ ಸುತ್ತಿದೆ.

ಅಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒರೇ, ಏಮಿರಾ ಇದಿ? ಗಿಡಕ್ಕೆ ಜ್ವರ ಬಂದಿದೆಯೇನ್ರಾ? ಒದ್ದೆ ಬಟ್ಟೆ ಹಾಕೋಕೆ ಅದರ ಹಣೆ ಎಲ್ಲಿದೆ?"

ಪಕ್ಕದ ಮನೆಯ ಪಿಳ್ಳಪ್ಪ ಬೇಲಿಯ ಮೇಲಿಂದ ಇಣುಕಿದ. ನಾವು ಒಟ್ಟಿಗೆ ಗೋಲಿ ಆಡಿ ಬೆಳೆದವರು. "ಏನ್ಲಾ, ತೋಟದಲ್ಲಿ ಹಿಪ್ಪುನೇರಳೆ ಬಾಯಿ ಬಾಯಿ ಬಿಡ್ತಾ ಇದೆ, ನೀನಿಲ್ಲಿ ಕಡ್ಡಿಗೆ ಗಾಳಿ ಹಾಕ್ತಾ ಕೂತಿದೀಯಾ?"

"ನಿನಗೆ ಗೊತ್ತಾಗಲ್ಲ. ಇದು ಎಲ್ಡರ್."

"ಎಲ್ಲರದು ಅಂದ್ರೆ ಎಲ್ಲರೂ ಬಂದು ಸರದಿ ಮೇಲೆ ಬೀಸಬೇಕಾ?"

ನಾನು ಸೋಲಲಿಲ್ಲ. ಬೆಂಗಳೂರಿನಲ್ಲಿ ಐಸುಗಡ್ಡೆ ಸಿಗುತ್ತದೆಂದು ಕೇಳಿದ್ದೆ. ರೇಷ್ಮೆಗೂಡು ಹಾಕಲು ಹೋದವನು, ಒಂದು ಸೀಮೆಎಣ್ಣೆ ಡಬ್ಬವನ್ನು ಚೆನ್ನಾಗಿ ತೊಳೆದು, ಐಸುಗಡ್ಡೆ ಇಡಿಸಿ, ಸುತ್ತ ಹೊಟ್ಟು ತುಂಬಿಸಿ, ಮಗುವನ್ನು ಎತ್ತಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನಿಂದ ಓಡುತ್ತಿದ್ದ ಕಾಲ ಅದು. ನನಗೆ ಸಿಕ್ಕ ಜಾಗ ಇದ್ದಿಲ ಒಲೆಯ ಪಕ್ಕದ ಸೀಟು! ನರಸಾಪುರ ದಾಟುವಾಗ ನನ್ನ ಪಂಚೆ ಒದ್ದೆಯಾಯಿತು. ಕೋಲಾರದಲ್ಲಿ ಇಳಿಯುವಾಗ ಜನ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವಿವರಿಸುವುದಿಲ್ಲ. ಮನೆಯಲ್ಲಿ ಡಬ್ಬ ತೆರೆದರೆ ಒಳಗೆ ಹೊಟ್ಟಿನ ಗಂಜಿ. ಎಮ್ಮೆ ಕುಡಿಯಿತು. ಬೆಂಗಳೂರಿನ ಐಸುಗಡ್ಡೆಯನ್ನು ಸೇವಿಸಿದ ಎಮ್ಮೆ ಆ ಹೋಬಳಿಯಲ್ಲೇ ಅದೊಂದೇ.

ಆ ವಾರವೇ ಕಡೆಯ ಎಲೆ ಉದುರಿತು.

ನನಗೆ ಗಾಬರಿಯಾಗಲಿಲ್ಲ. ಒಂದು ಸಲ ಪಾಠ ಕಲಿತವನು ನಾನು. "ನಂಜಾ, ಹೆದರಬೇಡ. ಮಲಗಿದೆ ಅಷ್ಟೇ. ಮಾವ ಹೇಳಿದ್ರಲ್ಲ!" ಎಂದೆ.

ನಂಜಮ್ಮ ಕಡ್ಡಿಯನ್ನು ನೋಡಿದಳು. ತೋಟದ ಮೇಸ್ತ್ರಿಯ ಮಗಳು ಆಕೆ. "ಹೂಂ, ಮಲಗಿದೆ" ಎಂದಳು.

ಚೈತ್ರ, ವೈಶಾಖ, ಜ್ಯೇಷ್ಠ. ಪ್ರತಿದಿನ ಬೆಳಿಗ್ಗೆ ಎದ್ದೊಡನೆ ಒಂದು ಚೊಂಬು ನೀರು ಹಾಕಿದೆ. ಪಿಳ್ಳಪ್ಪ "ಸತ್ತಿದೆ ಕಣೋ" ಎಂದ. ಅವನೊಡನೆ ಮಾತು ಬಿಟ್ಟೆ. ಅಮ್ಮ ಅದಕ್ಕೆ ಒದ್ದೆ ಸೀರೆ ಒಣಹಾಕಿದಳು. ಅಮ್ಮನೊಡನೆ ಜಗಳವಾಡಿದೆ. ಮಲಗಿರುವವರ ಮುಂದೆ ಗಟ್ಟಿಯಾಗಿ ಮಾತಾಡಬಾರದೆಂದು ಜಗಳವನ್ನು ಪಡಸಾಲೆಗೆ ಹೋಗಿ ಆಡಿದೆ! ನಂಜಮ್ಮ ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು, ನಾನು ಕಡ್ಡಿಯ ಸುತ್ತ ಮಣ್ಣು ಸಡಿಲಿಸುವುದನ್ನು ನೋಡುತ್ತಿದ್ದಳು.

ಆಷಾಢದ ಮಳೆ ಎರಡು ದಿನ ಬಿತ್ತು. ಮೂರನೆಯ ಬೆಳಿಗ್ಗೆ ಚೊಂಬು ಹಿಡಿದು ಹೋದವನು ಅಲ್ಲೇ ಕಲ್ಲಾದೆ. ಕಡ್ಡಿಯ ಬುಡದಲ್ಲಿ ಹಸಿರು! ಎರಡು ಎಲೆ! ಎಳೆಯ, ಹೊಳೆಯುವ ಎರಡು ಎಲೆ!

"ಎದ್ದಿತು! ಎದ್ದಿತು!" ಎಂದು ಕೂಗಿಕೊಂಡು ಬೀದಿಗೆ ಓಡಿದೆ. ಮಾತು ಬಿಟ್ಟಿದ್ದ ಪಿಳ್ಳಪ್ಪನನ್ನು ಕೈಹಿಡಿದು ಎಳೆದು ತಂದೆ. ಬೀದಿಯವರೆಲ್ಲ ಬಂದರು. ಸಿಕ್ಕಿದ ಕೈಗೆಲ್ಲ ಬೆಲ್ಲದ ಚೂರು ಹಾಕಿದೆ. ಸತ್ತಿದೆ ಎಂದವರು ಈಗ ಬಾಯಿ ಮುಚ್ಚಿಕೊಳ್ಳಬೇಕೆಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಪಿಳ್ಳಪ್ಪ ಬೆಲ್ಲ ಚೀಪುತ್ತ ಬಗ್ಗಿ ನೋಡಿದ. ಒಂದು ಎಲೆಯ ತುದಿ ಹಿಸುಕಿ ನಾಲಿಗೆಗೆ ಮುಟ್ಟಿಸಿಕೊಂಡ. ಅವನ ಮುಖ ಮುದುಡಿತು.

"ಲೇ, ಕಾಕರಕಾಯಿ ಕಣೋ ಇದು! ಹಾಗಲ ಬಳ್ಳಿ!"

ಬೀದಿ ನಕ್ಕಿತು. ನಾನು ನಂಜಮ್ಮನ ಕಡೆ ತಿರುಗಿದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಎಲ್ಲರೂ ಹೋದ ಮೇಲೆ ಹೇಳಿದಳು. "ನಾನೇ ಬೀಜ ಹಾಕಿದ್ದು ಕಣ್ರಿ."

"ಯಾಕೆ?"

"ಅದು ಸತ್ತಿದ್ದು ಎಲೆ ಉದುರಿದ ದಿನವೇ ಗೊತ್ತಾಯ್ತು. ಉಗುರಲ್ಲಿ ಕೆರೆದು ನೋಡ್ದೆ, ಒಳಗೆ ಹಸಿರಿರಲಿಲ್ಲ. ನೀವು ದಿನಾ ಎದ್ದು ಅದರ ಮುಖ ನೋಡೋರು. ನಂಗೆ ತಡೀಲಿಲ್ಲ. ಅಲ್ಲಿ ಏನಾದ್ರೂ ಒಂದು ಹಸಿರು ಕಾಣಲಿ ಅಂತ ಹಾಕ್ದೆ. ನೀವು ಬೆಲ್ಲ ಹಂಚ್ತೀರಿ ಅಂತ ನಂಗೇನು ಗೊತ್ತು?"

"ಮೊದಲೇ ಹೇಳಬಾರದಿತ್ತಾ? ಮೂರು ತಿಂಗಳು ನೀರು ಹಾಕಿದೀನಲ್ಲ!"

"ಅಮ್ಮ ಹೋದ ಮೇಲೆ ನನಗೋಸ್ಕರ ಯಾರೂ ಅಷ್ಟು ದಿನ ಏನೂ ಮಾಡಿರ್ಲಿಲ್ಲ" ಎಂದಳು ನಂಜಮ್ಮ. "ಇನ್ನೊಂದೆರಡು ದಿನ ನೋಡೋಣ ಅನ್ಸೋದು. ಹಾಗೇ ಬಿಟ್ಟೆ."

"ಹಾಗಲಕಾಯಿ ಗೊಜ್ಜು ಮಾಡೋಕೆ ಬರುತ್ತಾ?" ಎಂದು ಕೇಳಿದೆ. ನನ್ನ ಬುದ್ಧಿ ಅಷ್ಟೇ!

ಮಾರನೆಯ ವರ್ಷ ಬೇಸಿಗೆಯಲ್ಲಿ ಆಕೆ ಚೊಚ್ಚಲ ಬಾಣಂತನಕ್ಕೆ ಊಟಿಗೆ ಹೋದಳು. ಮಾವನವರೇ ಬಂದು ಕರೆದುಕೊಂಡು ಹೋದರು. ಆಕೆ ಹೋಗುವ ಹೊತ್ತಿಗೆ ಅಲ್ಲಿ ಆ ಬುಡದಿಂದ ಎದ್ದ ಪೊದೆ ಸೂರಿನ ಎತ್ತರ ಮುಟ್ಟಿತ್ತಂತೆ. "ಹೂ ಬಿಟ್ಟಿದೆ. ಹಿಂದೆಂದೂ ಇಷ್ಟು ಬಿಟ್ಟಿರಲಿಲ್ಲ. ಪಾನಕ ಮಾಡಿದೆ. ಅದೇ ವಾಸನೆ" ಎಂದು ಕಾಗದ ಬಂತು. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ಆ ಕಾಗದವನ್ನು ಮೂಸಿ ನೋಡಿದೆ. ಮಸಿಯ ವಾಸನೆ ಮಾತ್ರ ಇತ್ತು.

ಗಂಡುಮಗು ಎಂದು ಇನ್ನೊಂದು ಕಾಗದ ಬಂತು. ಹುಳುವಿನ ಕೆಲಸ ಬಿಟ್ಟು ನಾನು ಹೋಗಲಾಗಲಿಲ್ಲ. ಐದು ತಿಂಗಳು ಕಳೆದವು. ಎದುರಿಗೆ ನೋಡುವಂಥದ್ದೇನೂ ಇಲ್ಲದ ಹಿತ್ತಿಲನ್ನು ದಿನವೂ ಒಂದು ಗಳಿಗೆ ಹೇಗೆ ನೋಡುತ್ತ ನಿಲ್ಲಬಹುದು ಎಂಬುದು ಆ ಐದು ತಿಂಗಳಲ್ಲಿ ನನಗೆ ಚೆನ್ನಾಗಿ ಅರ್ಥವಾಯಿತು.

ಕೊನೆಗೊಂದು ದಿನ ಕಾರ್ಡು ಬಂತು: "ಗುರುವಾರ ಬರುತ್ತೇವೆ." ಆ ಎರಡು ಪದಗಳನ್ನು ನಾನು ಎಷ್ಟು ಸಲ ಓದಿದೆನೋ! ಗುರುವಾರ ಕ್ಷೌರ ಮಾಡಿಸಿಕೊಂಡು, ಗಾಡಿಯಲ್ಲಿ ಹೊಸ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಬೆಳಿಗ್ಗೆಯೇ ಕೋಲಾರದ ಸ್ಟೇಷನ್ನಿಗೆ ಹೊರಟೆ. ಮೊದಲ ರೈಲು ಬಂತು. ಪ್ರತಿಯೊಂದು ಡಬ್ಬಿಯಲ್ಲೂ ಇಣುಕಿದೆ. ಇಲ್ಲ. ಎತ್ತುಗಳಿಗೆ ನೀರು ಕುಡಿಸಿದೆ. ಸಂಜೆಯ ರೈಲು ಬಂತು. ಇಳಿದವರೆಲ್ಲ ಹೋದರು. ಸ್ಟೇಷನ್ನಿನಲ್ಲಿ ನಾನು, ಎತ್ತುಗಳು, ಜಮಖಾನ. ಏನಾಯಿತೋ, ಮಗುವಿಗೆ ಹುಷಾರಿಲ್ಲವೋ ಎಂದು ಕಾರ್ಡನ್ನು ಮತ್ತೆ ಹೊರಗೆ ತೆಗೆದೆ. ಅಂಚಿನಲ್ಲಿ ಅಡ್ಡಡ್ಡವಾಗಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: "ರೈಲು ಬೇಡವೆಂದು ಅಪ್ಪ ಬಸ್ಸಿನಲ್ಲಿ ಊರಿಗೇ ಕರೆತರುತ್ತಾರೆ. ನೀವು ಸ್ಟೇಷನ್ನಿಗೆ ಹೋಗಬೇಡಿ."

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಬಂದವರು ಮಧ್ಯಾಹ್ನವೇ ಬಂದು, ಊಟಮಾಡಿ, ಒಂದು ನಿದ್ದೆಯನ್ನೂ ಮುಗಿಸಿದ್ದರು. ಮಾವನವರು ಜಗಲಿಯ ಮೇಲೆ ಪಿಳ್ಳಪ್ಪನಿಗೆ ಏನೋ ಹೇಳುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು. ನಾನು ಒಳಗೆ ಓಡಿದೆ. ನಂಜಮ್ಮ ಮಗುವನ್ನು ಎತ್ತಿ ನನ್ನ ಕೈಗಿತ್ತಳು. ಆಕೆಯ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. ಮಗು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಮನೆ ಹಾರಿಹೋಗುವಂತೆ ಕಿರುಚಿತು.

"ಬೇಜಾರು ಮಾಡ್ಕೋಬೇಡಿ ಕಣ್ರಿ" ಎಂದಳು ನಂಜಮ್ಮ, ಅದನ್ನು ವಾಪಸ್ಸು ತೆಗೆದುಕೊಳ್ಳುತ್ತ. "ಯಾರಾದ್ರೂ ಹೊಸಬರು ಬಂದ್ರೆ ಹಿಂಗೇ ಅಳುತ್ತೆ."